ಎಣ್ಣಿ ಬಿಡೂ ವಾರ

ಆಗಸ್ಟಿನಾಗ ಹೊಳಿ ಹಿಂದಕ್ಕ ಬರತೈತಿ,
ಸಂತಿಗೆ ಹೊಂಟಾಕಿ ಏನೋ ಮರತು
ಅರ್ಧ ದಾರಿಗೆ ತಿರುಗಿ ಬಂದಂಗ.
ಮೂರು ಕಡೆ ನೀರು, ಒಂದು ಕಡೆ ಡಾಂಬರು ರಸ್ತೆ.
ನಕಾಶೆದಾಗ ನಮ್ಮದು ಹಳೇ ಬಾಗಲಕೋಟಿ.
ನವನಗರದ ಆಟೋದವರ ಬಾಯಾಗ
‘ನಡುಗಡ್ಡಿಗೆ ಐವತ್ತು ರೂಪಾಯಿ, ಬರ‍್ತೀರೇನು?’

ಗ್ವಾಡಿ ಮ್ಯಾಲ ಕೆಂಪು ಗೆರಿ ಎಳದಿದ್ರು ಆವಾಗ.
ಗೆರಿ ಕೆಳಗಿನ ಮನಿ ಕೆಡವಿದ್ರು,
ಗೆರಿ ಮ್ಯಾಲಿನ ಅಂಗಡಿ ಉಳದವು.
ಗಿರಾಕಿ ಎಲ್ಲಾ ಗೆರಿ ಕೆಳಗ ಇದ್ರು.

ನನ್ನ ಹತ್ರ ನಲವತ್ತೊಂದು ಕೀಲಿಕೈ ಅದಾವ.
ಒಂದೂ ನಂದಲ್ಲ.
ಒಬ್ಬೊಬ್ಬರಾಗಿ ಬಂದು ಕೈಯಾಗ ಇಟ್ಟು ಹೋದ್ರು:
‘ದಸ್ತಗೀರ, ಆಗಾಗ ಒಂದೀಟು ನೋಡತಿರಪಾ.’
ಆಗಾಗ ಅಂದ್ರ ಎಷ್ಟು ದಿನಕ್ಕೊಮ್ಮೆ, ಯಾರೂ ಹೇಳಲಿಲ್ಲ.
ನಾನ ಶುಕ್ರವಾರ ಅಂತ ಇಟಗೊಂಡೆ.
ನಮಾಜು ಮುಗಿಸಿ, ಹೊಲಿಗಿ ಮಷೀನಿನ ಎಣ್ಣಿ,
ಒಂದು ಕೋಳಿಪುಕ್ಕ, ಹರದ ಬನಿಯನ್.

ಬೋಗಾರ ಓಣಿಯ ಕೀಲಿ ಸೊಕ್ಕಿನವು,
ಎರಡು ಸಲ ತಿರುವಿದ್ರ ಮೂರನೇದಕ್ಕ ಒಪ್ಪತಾವ.
ಪಾಂಡುರಂಗ ಕಾವೇರಿಯ ಗಡಿಯಾರದಂಗಡಿಗೆ
ಗುಬ್ಬಿ ಗೂಡಿನಷ್ಟು ತುಕ್ಕು. ಒಳಗ ಒಂದು ಗಡಿಯಾರ
ಬಾಳ ವರ್ಷ ಬಡೀತು, ಆಮ್ಯಾಲ ಬಿಟ್ಟತು.
ಯಾವ ಶುಕ್ರವಾರ ಬಿಟ್ಟತೋ ಗುರುತಿಡಲಿಲ್ಲ,
ಅದು ನನ್ನ ತಪ್ಪು.

ಪ್ಯಾಟಿ ಉಳಿಸಬೇಕಂತ ಸಮಿತಿ ಆತು.
ಚೌಕಕ್ಕ ಕಮಾನು ಬಂತು, ಕಲ್ಲಿನ ಬೆಂಚು ಬಂದವು,
ಊರ ಹೆಸರು ಬರದ ದೀಪದ ಅಕ್ಷರ ಬಂದವು.
ಮಳಿಗಾಲ ದಾಟೂದ್ರಾಗ ‘ಬಾ’ ಒಂದ ಉರೀತಿತ್ತು.
ಬಾ, ಬಾ, ಬಾ ಅಂತ, ರಾತ್ರಿಯೆಲ್ಲಾ,
ಖಾಲಿ ರಸ್ತೆಗೆ.

ಅದರ ಕೆಳಗ ಹುಲಿಗೆಮ್ಮ ಗಟಾರ ಬಳೀತಿದ್ಲು.
‘ಯಾರು ಹಾಯ್ತಾರಂತ ಬಳೀತಿ?’ ಅಂದೆ.
‘ನೀ ಯಾರು ತಗೀತಾರಂತ ಎಣ್ಣಿ ಬಿಡತಿ?’ ಅಂದ್ಲು.
ಇಬ್ಬರೂ ನಗಲಿಲ್ಲ.

ಹ್ವಾದ ಶ್ರಾವಣದಾಗ ಸ್ಕೂಟಿ ಮ್ಯಾಲ ಒಂದು ಹುಡುಗಿ.
‘ನಾ ಶಾಕಾಂಬರಿ. ಅರುಟಗಿಯವರ ಕಣದಂಗಡಿ
ನಮ್ಮಜ್ಜಂದು. ಕೀಲಿ ನಿಮ್ಮ ಹತ್ರ ಐತಂತ?’
ಹತ್ತೊಂಬತ್ತು ವರ್ಷ ಆ ಬಾಗಿಲು
ಹೆಂಗ ಕಿರುಗುಟ್ಟೀತು ಅಂತ ಮನಸಿನಾಗ ಕೇಳಿದ್ದೆ.
ಸದ್ದ ಆಗಲಿಲ್ಲ.
ಬೆಣ್ಯಾಗ ಕೂದಲು ಜಗ್ಗಿದಂಗ ತಗೀತು.
ಸ್ವಲ್ಪ ಬ್ಯಾಸರಾತು, ಸುಳ್ಳ್ಯಾಕ ಹೇಳಲಿ.

ಒಳಗ ಡಾಂಬರ ಗುಳಿಗಿ ವಾಸನಿ, ಹಿತ್ತಾಳಿ ಗಜ,
ಉದ್ರಿ ಪುಸ್ತಕದಾಗ ಗೆರಿ ಕೆಳಗಿನವರ ಹೆಸರು.
ಆಕಿ ಪುಸ್ತಕ ಓದಲಿಲ್ಲ. ಕಸಬರಿಗಿ ಬೇಡಿದ್ಲು.

ಈಗ ವಾರಕ್ಕ ಎರಡು ದಿನ ತಗೀತಾಳ.
ಗುಳೇದಗುಡ್ಡದ ಕಣ, ಒಂದಿಷ್ಟು ಕಣದ ಚೀಲ.
ಮೊದಲನೇ ಗಿರಾಕಿ ಹುಲಿಗೆಮ್ಮ.
ಅಂಚು ಜಗ್ಗಿ ನೋಡಿದ್ಲು, ಬೆಳಕಿಗೆ ಹಿಡದ್ಲು,
‘ಇದಕ್ಕ ಇಷ್ಟ? ನಿಮ್ಮಜ್ಜ ಇದ್ದಿದ್ರ ನಾಚಿ ಸಾಯ್ತಿದ್ದ’ ಅಂದ್ಲು.
ಹತ್ತು ರೂಪಾಯಿಗೆ ಅರ್ಧ ತಾಸು ಜಗಳ.
ಚಾದಂಗಡಿಯವ ಸೌಟು ಹಿಡಕೊಂಡ ಹೊರಗ ಬಂದ.
ನಾನು ಪುಕ್ಕ ಹಿಡಕೊಂಡ ನಿಂತಿದ್ದೆ.
ಪ್ಯಾಟ್ಯಾಗ ಅಂಥಾ ಸದ್ದು ಕೇಳಿ
ಎಷ್ಟ ದಿನ ಆಗಿತ್ತು.

ಸಮಿತಿಯವರು ಫೋಟೋ ತಗದ್ರು. ತಗೀಲಿ.
ಮುಂದಿನ ವರ್ಷ ಆಕಿ ಇರತಾಳೋ ಇಲ್ಲೋ,
ಗೆರಿ ಇನ್ನಾ ಮ್ಯಾಲಕ್ಕ ಏರತೈತಂತ ಮಾತೈತಿ.
ಗೊಂಚಲದಾಗ ನಲವತ್ತ ಉಳದಾವ,
ನಡೀವಾಗ ಮೊದಲಿನಷ್ಟು ಗಲ್ ಅನ್ನಂಗಿಲ್ಲ.

ಮೊನ್ನಿ ಶುಕ್ರವಾರ, ರೂಢಿ ಬಿಡಬೇಕಲ್ಲ,
ಎಣ್ಣಿ ಹಚ್ಚಿದ ಪುಕ್ಕ ಹಿಡದು ಆ ಕದದ ಮುಂದ ನಿಂತೆ.
ಕದ ತಗದಿತ್ತು. ಕೀಲಿ ಮೊಳಿಗೆ ತೂಗಿತ್ತು.
ಕೈ ಹಂಗ ಗಾಳ್ಯಾಗ ಉಳೀತು.
ಶಾಕಾಂಬರಿ ನನ್ನ ನೋಡಿದ್ಲು, ಪುಕ್ಕ ನೋಡಿದ್ಲು.
ಕೆಳಗಿನ ಓಣ್ಯಾಗ ನೀರು ಮೂರನೇ ಮೆಟ್ಟಲಕ್ಕ ಬಂದಿತ್ತು.

‘ಬರ್ರಿ ಚಾಚಾ’ ಅಂದ್ಲು,
‘ಈ ಕತ್ರಿ ಬಾಳ ಬಿಗಿ ಆಗೈತಿ,
ಇದಕ್ಕೊಂದೀಟು ಬಿಡ್ರಿ.’